ಬಟನ್‌ಗೊಬ್ಬ ರೈಟರ್

ಸೋಮವಾರಪೇಟೆ
ಮಾರ್ಚ್, ಭಾನುವಾರ ಸಂಜೆ

ಪ್ರೀತಿಯ ಪುಟ್ಟ,

ನೀನು ಕಳಿಸಿದ ಕೋಡ್, ಅದೇ ವೆಬ್‌ಸೈಟನ್ನು ತಾನೇ ಒತ್ತಿ ಪರೀಕ್ಷಿಸುವ ಆ ಟೆಸ್ಟ್ ಕೋಡ್, ಓದಿ ಮುಗಿಸಲು ಮೂರು ದಿನ ಬೇಕಾಯಿತು. ಕೋಡ್ ಕಷ್ಟ ಅಂತಲ್ಲ. ಕರೆಂಟ್ ಇದ್ದಾಗ ನೆಟ್ ಇರಲಿಲ್ಲ, ನೆಟ್ ಬಂದಾಗ ಸ್ಪ್ರಿಂಕ್ಲರ್ ಪೈಪ್ ಬದಲಾಯಿಸುವ ಗಡಿಬಿಡಿ. ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿಲ್ಲ. ಮೊಗ್ಗು ಕಾದು ಕೂತಿದೆ. ನಿಮ್ಮಮ್ಮ ದಿನಾ ಫೋನ್ ಮಾಡಿ "ಮಳೆ ಬಂತಾ, ಮೋಡ ಆದರೂ ಇದೆಯಾ" ಅಂತ ಕೇಳುತ್ತಾಳೆ. ತೋಟ ಬಿಟ್ಟು ಬೆಂಗಳೂರು ಸೇರಿ ಇಪ್ಪತ್ತೈದು ವರ್ಷವಾದರೂ ಅಕ್ಕನಿಗೆ ಮಾರ್ಚ್ ತಿಂಗಳ ತಲೆಬಿಸಿ ಹೋಗಿಲ್ಲ ನೋಡು.

"ಚಿಕ್ಕಮ್ಮ, ಪೇಜಿನ ಎಲ್ಲ ಎಲಿಮೆಂಟನ್ನೂ ರ‍್ಯಾಪ್ ಮಾಡಿದ್ದೇನೆ, ಹೇಗಿದೆ ಹೇಳಿ" ಅಂತ ಕೇಳಿದ್ದೀಯ. ಅಂದರೆ ಪೇಜಿನ ಬಟನ್, ಟೇಬಲ್ ತರದ ಎಲಿಮೆಂಟುಗಳಿಗೂ ಟೆಸ್ಟಿಗೂ ನಡುವೆ ಒಂದು ಹೊದಿಕೆ ಕೋಡ್ ಇಟ್ಟಿದ್ದೀಯ. ಅರ್ಧ ಚೆನ್ನಾಗಿದೆ. ಇನ್ನರ್ಧ ನೋಡಿ ಸ್ವಲ್ಪ ಹೆದರಿಕೆ ಆಯಿತು. ಅದರಲ್ಲಿ ಒಂದು ತಪ್ಪನ್ನಂತೂ ನಾನೇ ಮಾಡಿ ಬೈಸಿಕೊಂಡಿದ್ದೆ. ಅದಕ್ಕೇ ಫೋನಿನಲ್ಲಿ ಹೇಳುವುದು ಬಿಟ್ಟು ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಹೂಂ" ಅಂದು ಮರೆತುಬಿಡುತ್ತೀಯ.

ನಿನ್ನಜ್ಜನ ಕಾಲದಲ್ಲಿ ನಮ್ಮ ತೋಟಕ್ಕೆ ಒಬ್ಬರು ರೈಟರ್ ಇದ್ದರು. ನೀನು ಆಗ ಚಿಕ್ಕವನು, ಅವರ ಕೊಡೆ ಕದ್ದುಕೊಂಡು ಓಡುತ್ತಿದ್ದೆ. ಅಜ್ಜ ಬೆಳಿಗ್ಗೆ ಕಾಫಿ ಕುಡಿಯುತ್ತಾ "ಇವತ್ತು ಕೆರೆ ಪಕ್ಕದಲ್ಲಿ ಹಣ್ಣು ಕುಯ್ಯಿಸಿ" ಅನ್ನುತ್ತಿದ್ದರು. ಅಷ್ಟೇ. ಎಷ್ಟು ಜನ ಹೋಗಬೇಕು, ಚೀಲ ಎಲ್ಲಿದೆ, ರಾತ್ರಿ ಆನೆ ಬಂದು ಬೇಲಿ ಮುರಿದಿದ್ದರೆ ಯಾವ ದಾರಿಯಲ್ಲಿ ಹೋಗಬೇಕು, ಅದೆಲ್ಲ ರೈಟರ್ ತಲೆನೋವು. ಸಂಜೆ ತೂಕ ಹಾಕಿ ಪುಸ್ತಕದಲ್ಲಿ ಬರೆದು ತಂದು ತೋರಿಸುತ್ತಿದ್ದರು. ನೀನು ಬರೆಯುವ ರ‍್ಯಾಪರ್ ಕ್ಲಾಸ್ ಅಂದರೆ ಇಂಥ ರೈಟರ್. ಟೆಸ್ಟ್ ಬರೆಯುವವನು ಅಜ್ಜನ ಹಾಗೆ "ಕೂಪನ್ ಹಾಕು", "ಷರತ್ತಿಗೆ ಒಪ್ಪು", "ಹಣ ಕಟ್ಟು" ಅನ್ನಬೇಕು. ಬಟನ್ ಎಲ್ಲಿದೆ, ಬಂದಿದೆಯಾ ಇಲ್ಲವಾ, ಎಷ್ಟು ಹೊತ್ತು ಕಾಯಬೇಕು ಅನ್ನುವುದು ರ‍್ಯಾಪರ್ ಒಳಗೇ ಮುಗಿಯಬೇಕು. ಇದನ್ನು ನೀನು ಸರಿಯಾಗಿ ಹಿಡಿದಿದ್ದೀಯ. ನಿನ್ನ ಟೆಸ್ಟ್ ಫೈಲುಗಳಲ್ಲಿ ಎಲಿಮೆಂಟ್ ಪೇಜಿನಲ್ಲಿ ಎಲ್ಲಿದೆ ಅಂತ ಹೇಳುವ ಎಕ್ಸ್‌ಪಾತ್ ಒಂದೇ ಒಂದೂ ಕಾಣಲಿಲ್ಲ. ನನಗೆ ಖುಷಿಯಾಯಿತು.

ಈಗ ಕೊಂಕು ತೆಗೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ಮೊದಲನೆಯದು, ನೀನು ಕನ್‌ಸ್ಟ್ರಕ್ಟರ್‌ನಲ್ಲೇ, ಅಂದರೆ ರ‍್ಯಾಪರ್ ಹುಟ್ಟುವಾಗಲೇ, ಎಲಿಮೆಂಟ್ ಹುಡುಕುವ ಫೈಂಡ್‌ಎಲಿಮೆಂಟ್ ಕರೆದು, ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡಿದ್ದೀಯ. ಜೇಬಿನಲ್ಲಿ ಇರುವುದು ಬಟನ್ ಅಲ್ಲ ಮಾರಾಯ. ಬ್ರೌಸರ್ ಆ ಬಟನ್‌ಗೆ ಕೊಟ್ಟ ಒಂದು ಟೋಕನ್. ಪೇಜು ಆ ಜಾಗವನ್ನು ಹೊಸದಾಗಿ ಬರೆದರೆ ಹಳೇ ಬಟನ್ ಹೋಗಿ ಅದೇ ಬಣ್ಣ, ಅದೇ ಅಕ್ಷರದ ಇನ್ನೊಂದು ಬಂದು ಕೂರುತ್ತದೆ. ಈಗಿನ ಸೈಟುಗಳಲ್ಲಿ ಇದು ದಿನನಿತ್ಯದ ವಿಷಯ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ನಿನ್ನ ಟೋಕನ್ ಮಾತ್ರ ಸತ್ತಿರುತ್ತದೆ. ಆಗಲೇ ನೀನು ಬೈಯುತ್ತಿರುವ ಆ ಸ್ಟೇಲ್ ಎಲಿಮೆಂಟ್ ಎಕ್ಸೆಪ್ಶನ್, ಅಂದರೆ ಹಳಸಿದ ಎಲಿಮೆಂಟ್ ಅನ್ನುವ ದೋಷ, ಬರುವುದು. ಹಾಗಾಗಿ ರ‍್ಯಾಪರ್ ಇಟ್ಟುಕೊಳ್ಳಬೇಕಾದ್ದು ಸಿಕ್ಕಿದ ಎಲಿಮೆಂಟನ್ನಲ್ಲ, ಹುಡುಕುವ ವಿಳಾಸವನ್ನು, ಅಂದರೆ ಲೊಕೇಟರನ್ನು. ಕೆಲಸ ಹೇಳಿದಾಗೆಲ್ಲ ಹೊಸದಾಗಿ ಹುಡುಕಲಿ. ಹುಡುಕುವುದಕ್ಕೆ ಹಿಡಿಯುವ ಹೊತ್ತು ಬಹಳ ಕಡಿಮೆ, ಅದನ್ನು ಉಳಿಸಲು ಹೋಗಿ ನೀನು ವಾರಗಟ್ಟಲೆ ಕಳೆದುಕೊಂಡಿದ್ದೀಯ.

ನೀನು ಬ್ರೌಸರ್ ಓಡಿಸಲು ಬಳಸುವ ಸಾಧನ ಸೆಲೆನಿಯಂ, ಅದರ ಪೇಜ್‌ಫ್ಯಾಕ್ಟರಿ ಮಾಡುವುದೂ ಇದನ್ನೇ. ಫೈಂಡ್‌ಬೈ ಅಂತ ಬರೆದ ಫೀಲ್ಡಿನಲ್ಲಿ ಇರುವುದು ಒಂದು ಪ್ರಾಕ್ಸಿ, ಅಂದರೆ ಎಲಿಮೆಂಟಿನ ಬದಲಿ ಆಳು, ಬಳಸಿದಾಗೆಲ್ಲ ಅದು ಹೋಗಿ ಹುಡುಕಿಕೊಂಡು ಬರುತ್ತದೆ. ಅದರ ಮೇಲೆ ಕ್ಯಾಶ್‌ಲುಕಪ್ ಅಂತ ಸೇರಿಸಿದರೆ ಮಾತ್ರ ಒಮ್ಮೆ ಸಿಕ್ಕಿದ್ದನ್ನೇ ಹಿಡಿದುಕೊಂಡು ಕೂರುತ್ತದೆ. ನೀನು ಹದಿನಾಲ್ಕು ಕಡೆ ಸೇರಿಸಿದ್ದೀಯ. ಎಣಿಸಿದ್ದೇನೆ.

ಲೊಕೇಟರ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನಿನಗೇ ಗೊತ್ತು. ಆದರೂ ಆ ಆರ್ಡರ್ ಪೇಜಿನಲ್ಲಿ "ಮೂರನೇ ಡಿವ್, ಅದರೊಳಗೆ ಎರಡನೇ ಡಿವ್, ಅದರೊಳಗೆ ಐದನೇ ಸ್ಪ್ಯಾನ್" ಅಂತ ಪೇಜಿನ ತುಂಡುಗಳನ್ನು ಎಣಿಸಿ ಬರೆದಿದ್ದೀಯಲ್ಲ, ಅದು ಏಳನೇ ಸಾಲಿನ ಹನ್ನೆರಡನೇ ಗಿಡ ಅಂದ ಹಾಗಾಯಿತು. ಜುಲೈ ಗಾಳಿಗೆ ಒಂದು ಸಿಲ್ವರ್ ಮರ ಬಿದ್ದು ಕೆಳಗಿನ ನಾಲ್ಕು ಕಾಫಿ ಗಿಡ ಚಚ್ಚಿಹೋದರೆ ಲೆಕ್ಕ ಎಲ್ಲಿಗೆ ಬಂತು? ಪೇಜ್ ಬರೆಯುವ ಹುಡುಗರ ಹತ್ತಿರ ಹೋಗಿ ಟೆಸ್ಟಿಗಾಗಿಯೇ ಎಲಿಮೆಂಟಿಗೆ ಒಂದು ಹೆಸರುಚೀಟಿ, ಡೇಟಾ ಟೆಸ್ಟ್‌ಐಡಿ, ಹಾಕಿಕೊಡಿ ಅಂತ ಕೇಳು. ಒಂದು ಟೀ ಕುಡಿಸಿದರೆ ಆಗುವ ಕೆಲಸ.

ಎರಡನೆಯದು. ನಿನ್ನ ರ‍್ಯಾಪರ್ ಎಲ್ಲಕ್ಕೂ ಒಂದೇ ಕ್ಲಾಸ್. ಬಟನ್‌ಗೂ ಅದೇ, ಚೆಕ್‌ಬಾಕ್ಸಿಗೂ ಅದೇ, ಟೇಬಲ್‌ಗೂ ಅದೇ. ಇದರಿಂದ ಏನು ಲಾಭ ಹೇಳು? ಬೇರೆ ಬೇರೆ ಜಾತಿಯ ಎಲಿಮೆಂಟಿಗೆ ಬೇರೆ ಬೇರೆ ಬುದ್ಧಿ ಬೇಕು, ರ‍್ಯಾಪ್ ಮಾಡುವುದೇ ಆ ಬುದ್ಧಿಯನ್ನು ಒಂದು ಕಡೆ ಇಡಲು. ಚೆಕ್‌ಬಾಕ್ಸನ್ನೇ ತಗೋ. ಅದಕ್ಕೆ ಕ್ಲಿಕ್ ಅಂದರೆ ಇದ್ದದ್ದನ್ನು ತಿರುಗಿಸು ಅಂತ ಅರ್ಥ. ಮೊದಲೇ ಟಿಕ್ ಆಗಿದ್ದರೆ ನೀನು ಒತ್ತಿದ ಕೂಡಲೇ ಟಿಕ್ ಹೋಗುತ್ತದೆ. ಆದ್ದರಿಂದ ಚೆಕ್‌ಬಾಕ್ಸ್ ರ‍್ಯಾಪರಿನಲ್ಲಿ ಕ್ಲಿಕ್ ಅನ್ನುವ ಮಾತೇ ಬೇಡ. "ಟಿಕ್ ಇರಲಿ", "ಟಿಕ್ ತೆಗಿ" ಅನ್ನುವ ಎರಡು ಮೆಥಡ್ ಸಾಕು. ಒಳಗೆ ಈಸ್‌ಸೆಲೆಕ್ಟೆಡ್‌ನಿಂದ ಟಿಕ್ ಇದೆಯಾ ನೋಡಿ, ಬೇಕಾದರೆ ಮಾತ್ರ ಒತ್ತಲಿ.

ಟೇಬಲ್ ಕೂಡ ಹಾಗೇ. ನಾಲ್ಕನೇ ಕಾಲಂ ಓದು ಅನ್ನಬೇಡ. ತಲೆಬರಹದ ಸಾಲನ್ನು ಓದಿ "ಬಾಕಿ ಮೊತ್ತ" ಅನ್ನುವ ಕಾಲಂ ಎಲ್ಲಿದೆ ಅಂತ ರ‍್ಯಾಪರೇ ಕಂಡುಕೊಳ್ಳಲಿ. ನಾಳೆ ಯಾರೋ ನಡುವೆ ಒಂದು ಕಾಲಂ ತೂರಿಸಿದರೂ ನಿನ್ನ ಟೆಸ್ಟ್ ಅಲುಗುವುದಿಲ್ಲ. ಡ್ರಾಪ್‌ಡೌನಿಗೆ ಸೆಲೆನಿಯಂನಲ್ಲೇ ಸೆಲೆಕ್ಟ್ ಅನ್ನುವ ಕ್ಲಾಸ್ ಇದೆ. ರ‍್ಯಾಪರ್ ಹೇಗಿರಬೇಕು ಅನ್ನುವುದಕ್ಕೆ ಅದನ್ನೇ ತೆಗೆದು ಓದು, ಚೆನ್ನಾಗಿದೆ. ಆದರೆ ಅದು ಅಸಲಿ ಸೆಲೆಕ್ಟ್ ಟ್ಯಾಗಿಗೆ ಮಾತ್ರ. ಬೇರೆ ಟ್ಯಾಗ್ ಕೊಟ್ಟರೆ ಮುಖದ ಮೇಲೆ ಹೊಡೆದ ಹಾಗೆ ಎಕ್ಸೆಪ್ಶನ್ ಎಸೆಯುತ್ತದೆ. ನಿಮ್ಮ ಸೈಟಿನಲ್ಲಿ ಡ್ರಾಪ್‌ಡೌನ್ ತರ ವೇಷ ಹಾಕಿದ ಡಿವ್‌ಗಳೇ ಜಾಸ್ತಿ. ಅವಕ್ಕೆ ನೀನೇ ಒಂದು ಕ್ಲಾಸ್ ಬರೆಯಬೇಕಾಗುತ್ತದೆ. ತೆರೆಯುವುದು, ಪಟ್ಟಿ ಬರುವವರೆಗೆ ಕಾಯುವುದು, ಆರಿಸುವುದು, ಆಯ್ಕೆಯಾದದ್ದು ಮೇಲೆ ಕಾಣುತ್ತಿದೆಯಾ ಅಂತ ನೋಡುವುದು, ಇಷ್ಟೂ ಅದರಲ್ಲಿ ಇರಲಿ.

ಕಾಯುವುದು ಅಂದಾಗ ನೆನಪಾಯಿತು. ನಿನ್ನ ಕ್ಲಿಕ್ ಒಳಗೆ ಮೂರು ಸೆಕೆಂಡಿನ ಸ್ಲೀಪ್ ಇದೆ. 400 ಕ್ಲಿಕ್ ಆದರೆ 20 ನಿಮಿಷ ಸುಮ್ನೆ ನಿದ್ದೆ. ತೆಗೆದುಬಿಡು. ವೆಬ್‌ಡ್ರೈವರ್‌ವೇಟ್ ಅನ್ನುವ ಎಕ್ಸ್‌ಪ್ಲಿಸಿಟ್ ವೇಟ್ ಇಟ್ಟರೆ ಅದು ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡಿ, ಬೇಕಾದದ್ದು ಕಂಡ ಕೂಡಲೇ ಮುಂದೆ ಹೋಗುತ್ತದೆ. ಜೊತೆಗೆ ಡ್ರೈವರ್ ಶುರುವಾಗುವ ಕಡೆ ನೀನು ಪ್ರತಿ ಹುಡುಕಾಟಕ್ಕೂ ತಾನಾಗಿ ಕಾಯುವ 10 ಸೆಕೆಂಡಿನ ಇಂಪ್ಲಿಸಿಟ್ ವೇಟ್ ಕೂಡ ಇಟ್ಟಿದ್ದೀಯ. ಎರಡನ್ನೂ ಬೆರೆಸಬೇಡಿ ಅಂತ ಸೆಲೆನಿಯಂನವರ ದಾಖಲೆಯಲ್ಲೇ ಬರೆದಿದ್ದಾರೆ. 10 ಸೆಕೆಂಡಿನ ಇಂಪ್ಲಿಸಿಟ್, 15 ಸೆಕೆಂಡಿನ ಎಕ್ಸ್‌ಪ್ಲಿಸಿಟ್ ಸೇರಿದರೆ 20 ಸೆಕೆಂಡ್ ಆದ ಮೇಲೆ ಸೋಲಬಹುದು ಅಂತ ಅವರೇ ಉದಾಹರಣೆ ಕೊಟ್ಟಿದ್ದಾರೆ. ಒಂದನ್ನು ಇಟ್ಟುಕೋ. ನಾನಾಗಿದ್ದರೆ ಇಂಪ್ಲಿಸಿಟ್ ತೆಗೆಯುತ್ತಿದ್ದೆ.

ಈಗ ನನಗೆ ಹೆದರಿಕೆ ಹುಟ್ಟಿಸಿದ ವಿಷಯಕ್ಕೆ ಬರುತ್ತೇನೆ. ನೀನು "ಸೇಫ್‌ಕ್ಲಿಕ್" ಅಂತ ಹೆಸರಿಟ್ಟ ಆ ಮೆಥಡ್.

ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಒಂದು ಆನ್‌ಲೈನ್ ಅಂಗಡಿಯ ಸೈಟು ನನ್ನ ಪಾಲಿಗೆ ಬಂದಿತ್ತು. ರಾತ್ರಿ ಟೆಸ್ಟ್ ಓಡುತ್ತಿತ್ತು, ಬೆಳಿಗ್ಗೆ ಬಂದು ಎಷ್ಟು ಕೆಂಪು (ಸೋತದ್ದು), ಎಷ್ಟು ಹಸಿರು (ಗೆದ್ದದ್ದು) ಅಂತ ನೋಡುವುದು. ಒಂದು ವಾರ ಕೆಂಪು ಜಾಸ್ತಿ. "ಕ್ಲಿಕ್ ಇಂಟರ್‌ಸೆಪ್ಟೆಡ್", ಅಂದರೆ ಒತ್ತಲು ಏನೋ ಅಡ್ಡ ಬಂತು ಅನ್ನುವ ದೂರು. ಮ್ಯಾನೇಜರ್ ಬೇರೆ ಬೆಳಿಗ್ಗೆ ಬೆಳಿಗ್ಗೆ ಬಂದು ತಲೆ ಮೇಲೆ ನಿಲ್ಲುತ್ತಿದ್ದರು. ನಾನು ಏನು ಮಾಡಿದೆ ಗೊತ್ತಾ? ನೀನು ಮಾಡಿದ್ದನ್ನೇ. ಮಾಮೂಲಿ ಕ್ಲಿಕ್ ಸೋತರೆ ಕ್ಯಾಚ್ ಮಾಡಿ ಜಾವಾಸ್ಕ್ರಿಪ್ಟಿನಿಂದ ಕ್ಲಿಕ್ ಮಾಡಿಸುವುದು ಅಂತ ರ‍್ಯಾಪರ್ ಒಳಗೆ ನಾಲ್ಕು ಸಾಲು ಸೇರಿಸಿದೆ. ಮಾರನೇ ದಿನ ಎಲ್ಲ ಹಸಿರು. ನನಗೆ ನಾನೇ ಶಭಾಷ್ ಅಂದುಕೊಂಡು ಮಸಾಲೆ ದೋಸೆ ತಿಂದು ಬಂದೆ.

ನಾಲ್ಕು ದಿನ ಆದ ಮೇಲೆ ಗ್ರಾಹಕರ ಫೋನ್ ಶುರುವಾಯಿತು. ಹಣ ಕಟ್ಟಲು ಆಗುತ್ತಿಲ್ಲ, ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ ಅಂತ. ನೋಡಿದರೆ, ಸ್ಕ್ರೀನ್ ಸ್ವಲ್ಪ ಚಿಕ್ಕದಾದರೆ ಕೆಳಗಿನ ಆಫರ್ ಪಟ್ಟಿ ಬಂದು "ಹಣ ಕಟ್ಟು" ಬಟನ್ ಮೇಲೆಯೇ ಕೂರುತ್ತಿತ್ತು. ಜನ ಒತ್ತುತ್ತಿದ್ದುದು ಪಟ್ಟಿಯನ್ನು.

ಯೋಚನೆ ಮಾಡು. ವೆಬ್‌ಡ್ರೈವರ್ (ಸೆಲೆನಿಯಂ ಬ್ರೌಸರಿಗೆ ಅಪ್ಪಣೆ ಕೊಡುವ ದಾರಿ) ಮಾಡುವ ಮಾಮೂಲಿ ಕ್ಲಿಕ್ ಅಂದರೆ ಬ್ರೌಸರ್ ಆ ಎಲಿಮೆಂಟನ್ನು ಕಣ್ಣಿಗೆ ಕಾಣುವ ಜಾಗಕ್ಕೆ ತಂದು, ಅದರ ನಡುಮಧ್ಯೆ ಒತ್ತಲು ಹೋಗುತ್ತದೆ. ಅಲ್ಲಿ ಬೇರೇನಾದರೂ ಅಡ್ಡ ಕೂತಿದ್ದರೆ, ಒತ್ತಿದ್ದು ಅದಕ್ಕೆ ಬೀಳುತ್ತದೆ ಅಂತ ಹೇಳಿ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ಕ್ಲಿಕ್‌ಗೆ ಅಡ್ಡ ಇರುವುದು ಯಾವುದೂ ಲೆಕ್ಕಕ್ಕಿಲ್ಲ, ನೇರ ಒಳಗೆ ನುಗ್ಗುತ್ತದೆ. ಮನುಷ್ಯನ ಬೆರಳಿಗೆ ಹಾಗೆ ನುಗ್ಗಲು ಆಗುತ್ತದಾ? ನನ್ನ ಟೆಸ್ಟ್ ಮೊದಲ ದಿನವೇ ಸರಿಯಾಗಿ ಹೇಳಿತ್ತು. ನಾನೇ ಅದರ ಬಾಯಿ ಮುಚ್ಚಿಸಿದ್ದೆ. "ಎಲಿಮೆಂಟ್ ಟು ಬಿ ಕ್ಲಿಕಬಲ್" ಅಂತ ಕಾದಿದ್ದೆವಲ್ಲ ಅಂತ ಆಗ ವಾದ ಮಾಡಿದ್ದು ನೆನಪಿದೆ. ಹೆಸರು ಹಾಗಿದ್ದರೂ ಅದು ನೋಡುವುದು ಎಲಿಮೆಂಟ್ ಕಾಣುವಂತಿದೆಯಾ, ಎನೇಬಲ್ ಆಗಿದೆಯಾ ಅಂತ ಮಾತ್ರ. ಮೇಲೆ ಏನಾದರೂ ಕೂತಿದೆಯಾ ಅಂತ ನೋಡುವುದಿಲ್ಲ.

ಹಳೇ ರೈಟರ್ ಹೋದ ಮೇಲೆ ಇನ್ನೊಬ್ಬರು ಬಂದರು. ಅಜ್ಜ ಏನು ಕೇಳಿದರೂ "ಆಯ್ತು ಸಾರ್" ಅನ್ನುತ್ತಿದ್ದರು. ಮೆಣಸು ಕುಯ್ದು ಆಯ್ತಾ? ಆಯ್ತು ಸಾರ್. ಎತ್ತರದ ಸಿಲ್ವರ್ ಮರದ್ದೂ? ಆಯ್ತು ಸಾರ್. ಮಳೆ ಹಿಡಿದ ಮೇಲೆ ಅಜ್ಜ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಮೆಣಸು ಉದುರಿ ಮೊಳಕೆ ಬಂದಿತ್ತು. ಆ ರೈಟರ್ ಕೆಟ್ಟವರಲ್ಲ ಪುಟ್ಟ, ಬೈಗುಳಕ್ಕೆ ಹೆದರುತ್ತಿದ್ದರು ಅಷ್ಟೇ. ನಿನ್ನ ಸೇಫ್‌ಕ್ಲಿಕ್ ಕೂಡ ಆ ಜಾತಿಯದು.

ಸ್ಟೇಲ್ ಬಂದರೆ ಒಂದೆರಡು ಸಲ ಮತ್ತೆ ಹುಡುಕಲಿ, ಪರವಾಗಿಲ್ಲ. ಪೇಜ್ ಇನ್ನೂ ಬರುತ್ತಿದೆ ಅಂತ ಕಾಯಲಿ. ಅದು ರೈಟರ್ ಕೆಲಸವೇ. ಅಡ್ಡ ಏನೋ ಇದೆ ಅಂತ ಬ್ರೌಸರ್ ಹೇಳಿದರೆ, ಹೇಳಿದ ಹಾಗೇ ತಂದು ಮುಂದಿಡಲಿ. ಅದೂ ಜನರ ಭಾಷೆಯಲ್ಲಿ. ಪ್ರತಿ ರ‍್ಯಾಪರ್‌ಗೂ ಒಂದು ಹೆಸರು ಕೊಡು. "ಬಿಲ್ ಪೇಜಿನ ಹಣ ಕಟ್ಟು ಬಟನ್ 15 ಸೆಕೆಂಡ್ ಕಾದರೂ ಒತ್ತಲು ಸಿಗಲಿಲ್ಲ, ಆಫರ್ ಪಟ್ಟಿ ಅಡ್ಡ ಇದೆ" ಅಂತ ಲಾಗಿನಲ್ಲಿ ಬಂದರೆ ಬೆಳಿಗ್ಗೆ ನೋಡುವವನಿಗೆ ಅರ್ಧ ಕೆಲಸ ಮುಗಿಯಿತು. ಈಗ ನಿನ್ನ ಲಾಗಿನಲ್ಲಿ ಬರುವುದು ಎರಡು ಸಾಲು ಉದ್ದದ ಎಕ್ಸ್‌ಪಾತ್, ಅದನ್ನು ಯಾರು ಓದುತ್ತಾರೆ?

ಇನ್ನು ಸಣ್ಣಪುಟ್ಟದ್ದು. ಸೆಲೆನಿಯಂನ ವೆಬ್‌ಎಲಿಮೆಂಟ್ ಅನ್ನುವ ಇಂಟರ್‌ಫೇಸನ್ನು (ಎಲಿಮೆಂಟಿಗೆ ಇರಬೇಕಾದ ಮೆಥಡ್‌ಗಳ ಪಟ್ಟಿ) ಪೂರ್ತಿ ಇಂಪ್ಲಿಮೆಂಟ್ ಮಾಡಲು ಹೊರಟಿದ್ದೀಯ. ಯಾಕೆ? ಅದರ ಎಲ್ಲ ಮೆಥಡ್ ಹೊರಗೆ ಬಿಟ್ಟರೆ ನಾಳೆ ಯಾರಾದರೂ ಚೆಕ್‌ಬಾಕ್ಸಿಗೆ ಅಕ್ಷರ ಟೈಪ್ ಮಾಡುವ ಸೆಂಡ್‌ಕೀಸ್ ಕರೆಯುತ್ತಾರೆ. ಒಳಗಿಟ್ಟುಕೋ, ಬೇಕಾದ ನಾಲ್ಕನ್ನು ಮಾತ್ರ ಹೊರಗೆ ತೋರಿಸು. ಹಾಗೂ ಮಾಡುತ್ತೇನೆ ಅಂದರೆ ರ‍್ಯಾಪ್ಸ್‌ಎಲಿಮೆಂಟ್ ಅನ್ನುವ ಇಂಟರ್‌ಫೇಸನ್ನೂ ಸೇರಿಸು. ಇಲ್ಲದಿದ್ದರೆ ನಿನ್ನ ವಸ್ತುವನ್ನು ಜಾವಾಸ್ಕ್ರಿಪ್ಟ್ ಎಕ್ಸಿಕ್ಯೂಟರ್‌ಗೆ ಕೊಟ್ಟಾಗ ಒಳಗಿನ ಅಸಲಿ ಎಲಿಮೆಂಟ್ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ. ಬರೀ ಲಾಗ್ ಬರೆಯಲು ರ‍್ಯಾಪರ್ ಬೇಡ, ಸೆಲೆನಿಯಂ 4ರಲ್ಲಿ ಅದಕ್ಕೇ ಇವೆಂಟ್‌ಫೈರಿಂಗ್‌ಡೆಕೋರೇಟರ್ ಇದೆ. ಫೈಲ್ ಅಪ್‌ಲೋಡಿಗೆ ಬಟನ್ ಒತ್ತಿ ಕಿಟಕಿ ತೆರೆಯಲು ಒದ್ದಾಡಿದ್ದೀಯ, ಫೈಲ್ ಇನ್‌ಪುಟ್‌ಗೆ ನೇರವಾಗಿ ಫೈಲಿನ ದಾರಿಯನ್ನು ಸೆಂಡ್‌ಕೀಸ್ ಮಾಡಿದರೆ ಸಾಕು.

ಮುಂದಿನ ಪ್ರಾಜೆಕ್ಟ್ ಸೆಲೆನಿಯಂ ತರದ್ದೇ ಇನ್ನೊಂದು ಸಾಧನವಾದ ಪ್ಲೇರೈಟ್‌ನಲ್ಲಿ ಅಂದೆಯಲ್ಲ, ಅಲ್ಲಿಗೆ ಈ ಮೂಟೆ ಹೊತ್ತುಕೊಂಡು ಹೋಗಬೇಡ. ಅಲ್ಲಿನ ಲೊಕೇಟರ್ ತಾನೇ ಪ್ರತಿ ಸಲ ಹುಡುಕುತ್ತದೆ, ಒತ್ತುವ ಮೊದಲು ತಾನೇ ಕಾಯುತ್ತದೆ. ಅದರ ಮೇಲೆ ಇನ್ನೊಂದು ಪದರ ಹಾಕುವುದು ದಂಡ. ಡ್ರಾಪ್‌ಡೌನ್, ಟೇಬಲ್ ತರದ ದೊಡ್ಡವಕ್ಕೆ ಮಾತ್ರ ಕ್ಲಾಸ್ ಬರಿ.

ನಿನ್ನ ವಯಸ್ಸಿನವರು ನಮ್ಮನ್ನು ಹಳಬರು ಅನ್ನುತ್ತೀರಿ. ನಿಜ. ಜೇಸನ್ ಹಗ್ಗಿನ್ಸ್ 2004ರಲ್ಲಿ ಸೆಲೆನಿಯಂ ಶುರು ಮಾಡಿದರು. ವೆಬ್‌ಡ್ರೈವರ್, ವೆಬ್‌ನ ಮಾನದಂಡ ಮಾಡುವ ಡಬ್ಲ್ಯೂ3ಸಿ ಸಂಸ್ಥೆ ಶಿಫಾರಸು ಮಾಡಿದ ಮಾನದಂಡ ಆದದ್ದು 2018ರ ಜೂನಿನಲ್ಲಿ. ಅದು ನನಗೆ ಮರೆಯುವುದಿಲ್ಲ, ಎರಡು ತಿಂಗಳಲ್ಲಿ ನಮ್ಮ ಕೊಡಗಿನ ಗುಡ್ಡಗಳು ಕುಸಿದವು. ಆಮೇಲೆ ನಾನು ಬೆಂಗಳೂರಿನಲ್ಲಿ ಜಾಸ್ತಿ ದಿನ ಇರಲಿಲ್ಲ.

ಮೊದಲು ಸೇಫ್‌ಕ್ಲಿಕ್ ತೆಗೆದು ಒಂದು ರಾತ್ರಿ ಓಡಿಸು. ಕೆಂಪು ಜಾಸ್ತಿ ಆಗುತ್ತದೆ, ನಿನ್ನ ಮ್ಯಾನೇಜರ್ ಮುಖವೂ ಕೆಂಪಾಗಬಹುದು. ಒಂದೊಂದನ್ನೂ ಕೈಯಿಂದ ಒತ್ತಿ ನೋಡಿ ಯಾವುದು ನಿಜವಾದ ತೊಂದರೆ ಅಂತ ಬರೆದಿಟ್ಟುಕೋ. ಆ ಪಟ್ಟಿ ನನಗೆ ಕಳಿಸು. ಕೋಡ್ ಆಮೇಲೆ ನೋಡೋಣ.

ಶನಿವಾರದ ಬಸ್ಸಿನಲ್ಲಿ ಕಾಫಿಪುಡಿ ಮತ್ತು ಒಂದು ಬಾಟಲಿ ಜೇನು ಕಳಿಸುತ್ತೇನೆ, ಅಮ್ಮನಿಗೆ ಹೇಳು. ಪಶ್ಚಿಮದ ಕಡೆ ಮೋಡ ಕಪ್ಪಾಗಿದೆ. ಕಣದಲ್ಲಿ ಮೆಣಸು ಹರಡಿದೆ, ಟಾರ್ಪಾಲ್ ಹಾಕಿಸಿ ಬರುತ್ತೇನೆ.

ನಿನ್ನ ಚಿಕ್ಕಮ್ಮ