ಮೊದಲು ಎಲೆ ಲೆಕ್ಕ, ಆಮೇಲೆ ಛತ್ರ

ಮಾನ್ಯ ಸಂಪಾದಕರೇ,

ನಿಶ್ಚಿತಾರ್ಥ ಆದ ಮೇಲೆ ಹುಡುಗಿ ಮನೆಯವರು ಏನೇನು ಮಾಡಿಕೊಳ್ಳಬೇಕು ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಇಡೀ ಪುಟ ಬಂದಿತ್ತು. ಫೋಟೊದವರನ್ನು ಹಿಡಿಯಿರಿ, ಮೇಕಪ್‌ನವರನ್ನು ಗೊತ್ತು ಮಾಡಿ, ಡೆಕೊರೇಷನ್‌ಗೆ ಬಣ್ಣ ಆರಿಸಿ, ಚರ್ಮಕ್ಕೆ ಈಗಿನಿಂದಲೇ ಏನು ಹಚ್ಚಬೇಕು ಅಂತೆಲ್ಲ ಇತ್ತು. ಎರಡು ಮನೆಯವರು ಕೂತು ಮಾತಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಾನು ತಿಪಟೂರಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ನಿಶ್ಚಿತಾರ್ಥ ಮುಗಿಸಿದ ಹೆಣ್ಣುಮಕ್ಕಳು, ಅವರ ತಾಯಂದಿರು ಬಟ್ಟೆ ಅಂಗಡಿಯಿಂದ ನೇರ ನಮ್ಮಲ್ಲಿಗೇ ಬರುತ್ತಾರೆ. ಅಳತೆ ಕೊಡುವಾಗ ಮನೆ ಕಷ್ಟಸುಖ ಎಲ್ಲ ಹೇಳಿಕೊಳ್ಳುತ್ತಾರೆ. ಮದುವೆ ಮನೆಯ ಜಗಳ ಎಲ್ಲಿ ಹುಟ್ಟುತ್ತದೆ ಅಂತ ನನಗೆ ಜೋಯಿಸರಿಗಿಂತ ಚೆನ್ನಾಗಿ ಗೊತ್ತು. ಈ ಮಾಘದಲ್ಲಿ ನನ್ನ ಮಗಳದೇ ನಿಶ್ಚಿತಾರ್ಥ ಆಯಿತು. ಹುಡುಗ ಚನ್ನರಾಯಪಟ್ಟಣದ ಕಡೆಯವನು.

ತಾಂಬೂಲ ಬದಲಾಯಿಸಿಕೊಂಡ ಮಾರನೇ ದಿನದಿಂದಲೇ ಎಲ್ಲರದೂ ಒಂದೇ ಮಾತು: ‘ಛತ್ರ ಬುಕ್ ಆಯ್ತಾ?’ ಈ ವರ್ಷ ಆ ಅವಸರಕ್ಕೆ ಕಾರಣವೂ ಇದೆ. 2026ರಲ್ಲಿ ಅಧಿಕ ಜ್ಯೇಷ್ಠ, ಅಂದರೆ ಹೆಚ್ಚಿಗೆ ಒಂದು ಜ್ಯೇಷ್ಠ ಮಾಸ ಬಂದಿದೆ. ಮೇ 17ರಿಂದ ಜೂನ್ 15ರವರೆಗೆ ಮದುವೆ ಇಲ್ಲ. ಅದು ಕಳೆದರೆ ನಿಜ ಜ್ಯೇಷ್ಠ. ಆದರೆ ಹುಡುಗ ಹುಡುಗಿ ಇಬ್ಬರೂ ಮನೆಗೆ ಮೊದಲನೆಯವರಾದರೆ ಜ್ಯೇಷ್ಠದಲ್ಲಿ ಬೇಡ ಅನ್ನುತ್ತಾರೆ. ನಮ್ಮವರಿಬ್ಬರೂ ಹಾಗೆಯೇ. ಆಮೇಲೆ ಆಷಾಢ, ಅದು ಹೇಗೂ ಆಗದು. ಉಳಿದದ್ದು ಏಪ್ರಿಲ್ ಮೇ ನಡುವಿನ ವೈಶಾಖ, ಇಲ್ಲದಿದ್ದರೆ ಆಗಸ್ಟ್‌ನ ಶ್ರಾವಣ. ವೈಶಾಖದಲ್ಲಿ ಒಳ್ಳೆಯ ಲಗ್ನ ಇರುವ ದಿನ ಅಂತ ಜೋಯಿಸರು ಬೆರಳಿಟ್ಟು ತೋರಿಸಿದ ದಿನಗಳಿಗೆಲ್ಲ ನಮ್ಮೂರಿನ ಛತ್ರಗಳು ಆಗಲೇ ಭರ್ತಿ. ‘ಸಿಕ್ಕಿದ್ದು ಹಿಡ್ಕೊಳ್ಳಿ, ಜನ ಆಮೇಲೆ ನೋಡ್ಕೊಂಡರಾಯ್ತು’ ಅಂತ ಯಜಮಾನರ ಅಣ್ಣನವರು ಹೇಳಿದರು.

ಜನ ಆಮೇಲೆ ನೋಡಿಕೊಳ್ಳುವುದು ಅನ್ನುವುದೇ ನನಗೆ ಒಪ್ಪಿಗೆಯಾಗದ ಮಾತು. ಎಷ್ಟು ಎಲೆ ಅಂತ ಗೊತ್ತಿಲ್ಲದೆ ಯಾವ ಛತ್ರ ಅಂತ ಹೇಗೆ ಹೇಳುವುದು? ಅಡುಗೆಯವರ ಹತ್ತಿರ ಹೋದರೆ ಅವರು ಕೇಳುವ ಮೊದಲ ಪ್ರಶ್ನೆಯೇ ‘ಎಷ್ಟು ಎಲೆ ಅಮ್ಮಾ?’ ಎಲೆಗೆ ಇಷ್ಟು ಅಂತ ಮಾತಾಡಿ, ಕನಿಷ್ಠ ಇಷ್ಟು ಎಲೆ ಅಂತ ಒಪ್ಪಿಕೊಂಡ ಮೇಲೆ, ಜನ ಕಡಿಮೆ ಬಂದರೂ ಅಷ್ಟಕ್ಕೆ ದುಡ್ಡು ಕೊಡಲೇಬೇಕು. ಪತ್ರಿಕೆ ಅಚ್ಚು ಹಾಕಿಸುವವರೂ ಅದನ್ನೇ ಕೇಳುತ್ತಾರೆ. ತಾಂಬೂಲದ ಚೀಲ, ತೆಂಗಿನಕಾಯಿ, ನೀರಿನ ಬಾಟಲಿ, ಎಲ್ಲದಕ್ಕೂ ಅದೇ ಲೆಕ್ಕ.

ಹಾಗಾಗಿ ಬೀಗರಿಗೆ ಫೋನ್ ಮಾಡಿ, ಮುಂದಿನ ಭಾನುವಾರ ಬರುತ್ತೇವೆ, ಸುಮ್ನೆ ಮಾತಾಡೋಣ ಅಂದೆ. ಹೋಗುವ ಮೊದಲು ನಮ್ಮ ಮನೆಯ ಮುಯ್ಯಿ ಪುಸ್ತಕ ತೆಗೆದೆ. ನಮ್ಮ ಮದುವೆಯಿಂದ ಹಿಡಿದು ಮೈದುನನ ಗೃಹಪ್ರವೇಶದವರೆಗೆ ಯಾರು ಎಷ್ಟು ಮುಯ್ಯಿ ಹಾಕಿದರು, ನಾವು ಯಾರಿಗೆ ತಿರುಗಿ ಹಾಕಿದೆವು ಅಂತ ಅತ್ತೆಯವರ ಕಾಲದಿಂದ ಬರೆದಿಟ್ಟ ಪುಸ್ತಕ. ಕರೆಯಬೇಕಾದವರ ಪಟ್ಟಿಗೆ ಇದಕ್ಕಿಂತ ಒಳ್ಳೆಯ ಆಧಾರ ಯಾವ ಮೊಬೈಲಿನಲ್ಲೂ ಇಲ್ಲ. ಸತ್ತವರ ಹೆಸರಿನ ಮುಂದೆ ಅವರ ಮಕ್ಕಳ ಹೆಸರು ಬರೆದೆ. ಊರು ಬಿಟ್ಟವರಿಗೆ ಒಂದು ಗುರುತು ಹಾಕಿದೆ. ಮಗಳು ತನ್ನ ಆಫೀಸಿನವರನ್ನು ಸೇರಿಸಿದಳು. ನಮ್ಮ ಕಡೆ ಸುಮಾರು 400 ಎಲೆ ಆಯಿತು.

ಬೀಗರ ಮನೆಯಲ್ಲಿ ಕಾಫಿ ಆದ ಮೇಲೆ ನೋಟ್‌ಬುಕ್ ತೆರೆದು ಕೇಳಿದೆ. ‘ಬೀಗರೇ, ನಿಮ್ಮ ಕಡೆಯಿಂದ ಎಷ್ಟಾಗಬಹುದು?’

‘ಜಾಸ್ತಿ ಏನಿಲ್ಲ ಬಿಡಿ, ಒಂದು ನಾಲ್ಕು ಬಸ್ಸು.’

ನಮ್ಮ ಯಜಮಾನರು ತಲೆಯಾಡಿಸಿ ಸುಮ್ಮನಾದರು. ನಾನು ಬಿಡಲಿಲ್ಲ. ‘ಒಂದು ಬಸ್ಸಿಗೆ ಎಷ್ಟು ಜನ ಅಂತ ಹಿಡಿಯೋಣ? ಕಾರಲ್ಲಿ ಬರೋರು, ಬೈಕಲ್ಲಿ ಬರೋರು ಬೇರೆ ಅಲ್ವಾ?’ ಬೀಗರು ನಕ್ಕರು. ಆದರೆ ಬೀಗಿತ್ತಿಯವರು ಒಳಗಿಂದ ಬಂದು ಪಕ್ಕದಲ್ಲೇ ಕೂತರು. ‘ಅಕ್ಕಾ, ಇವರಿಗೆ ಬಸ್ಸಿನ ಲೆಕ್ಕ ಬಿಟ್ಟು ಬೇರೆ ಬರಲ್ಲ. ಬರ್ಕೊಳ್ಳಿ, ನಾನು ಹೇಳ್ತೀನಿ’ ಅಂತ ಬೀದಿ ಬೀದಿಯಾಗಿ ಹೇಳುತ್ತಾ ಹೋದರು. ಯಾವ ಮನೆಯಿಂದ ಇಬ್ಬರು, ಯಾವ ಮನೆಯಿಂದ ಪೂರ್ತಿ ಸಂಸಾರ, ಯಾರು ಬಂದರೂ ಊಟ ಮಾಡದೆ ಹೋಗುವವರು, ಎಲ್ಲ ಅವರ ಬಾಯಲ್ಲಿತ್ತು. ಬರೆದು ಕೂಡಿದರೆ ಮುಹೂರ್ತದ ಊಟಕ್ಕೆ ಅವರದು 350 ದಾಟಲಿಲ್ಲ. ಹಿಂದಿನ ರಾತ್ರಿಯ ವರಪೂಜೆ ಊಟಕ್ಕೆ ಅದರಲ್ಲಿ ಅರ್ಧ ಸಾಕು. ಕಾರು, ಬೈಕಿನವರನ್ನು ಬಿಟ್ಟು ನೋಡಿದರೆ ನಾಲ್ಕು ಬಸ್ಸು ಎರಡಾಯಿತು. ಉಳಿದವರು ಹೇಗೂ ಬೀಗರ ಊಟಕ್ಕೆ ಬರುತ್ತಾರಂತೆ.

ಅಲ್ಲೇ ಇನ್ನೊಂದು ತಕರಾರು ಎದ್ದಿತು. ಶ್ರಾವಣದಲ್ಲಿ ಮದುವೆ ಇಟ್ಟುಕೊಂಡರೆ ಬೀಗರ ಊಟದ ಗತಿ ಏನು? ಅವರ ಮನೆಯಲ್ಲಿ ಶ್ರಾವಣ ಪೂರ್ತಿ ಬಾಡು ಮಾಡುವುದಿಲ್ಲ. ಬಾಡಿಲ್ಲದ ಬೀಗರ ಊಟಕ್ಕೆ ಯಾರು ಬರುತ್ತಾರೆ ಅಂತ ಹುಡುಗನ ಚಿಕ್ಕಪ್ಪ ಎದ್ದು ನಿಂತರು. ಮದುವೆ ಯಾವ ಛತ್ರದಲ್ಲಿ ಅನ್ನುವುದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹೋಯಿತು. ಕೊನೆಗೆ ಗೌರಿ ಗಣೇಶ ಹಬ್ಬ ಕಳೆದ ಮೇಲೆ ಬೀಗರ ಊಟ ಅಂತಾಯಿತು. ಹಾಗೆ ಶ್ರಾವಣ ಗಟ್ಟಿಯಾಯಿತು. ನೋಡಿ, ದಿನ ಗೊತ್ತು ಮಾಡುವುದು ಪಂಚಾಂಗ ಒಂದೇ ಅಲ್ಲ.

ಖರ್ಚಿನ ಮಾತೂ ಅವತ್ತೇ ಆಯಿತು. ನಮ್ಮ ಕಡೆ ಹೆಣ್ಣಿನವರೇ ಮದುವೆ ಮಾಡಿಕೊಡುವುದು ರೂಢಿ. ಆದರೆ ಇದನ್ನು ಎತ್ತಿದವನು ಹುಡುಗನೇ. ಅವನಿಗೆ ಪುರೋಹಿತರು, ಆಡಂಬರ ಇಲ್ಲದ ಸರಳ ಮದುವೆ, ಮಂತ್ರ ಮಾಂಗಲ್ಯದ ಮೇಲೆ ಮನಸ್ಸಿತ್ತು. 1966ರಲ್ಲಿ ಕುಪ್ಪಳಿಯಲ್ಲಿ ಕುವೆಂಪು ಅವರು ಮಗ ತೇಜಸ್ವಿ ಮದುವೆಯನ್ನು ಹಾಗೆ ಮಾಡಿಸಿದ್ದನ್ನು ಓದಿಕೊಂಡಿದ್ದ. ನನಗೂ ಇಷ್ಟವೇ. ಆದರೆ ಮುಯ್ಯಿ ಪುಸ್ತಕ ಕೈಯಲ್ಲಿಟ್ಟುಕೊಂಡು ಕೂತವಳು ನಾನು, ಅಷ್ಟು ಜನರ ಋಣ ಬಿಟ್ಟು ಹತ್ತು ಜನರ ಮುಂದೆ ಮದುವೆ ಮಾಡಿ ಅಂತ ಹೇಗೆ ಹೇಳಲಿ? ‘ಹಾಗಾದರೆ ಛತ್ರದ ಬಾಡಿಗೆ, ವರಪೂಜೆ ಊಟ ನಮ್ಮದು’ ಅಂತ ಹುಡುಗ ಹೇಳಿಬಿಟ್ಟ. ಅವರಪ್ಪ ಒಂದು ಗಳಿಗೆ ಅವನ ಮುಖ ನೋಡಿ ‘ಆಯ್ತು’ ಅಂದರು. ಇದನ್ನು ಎಲ್ಲರೂ ಹೀಗೆ ಒಪ್ಪುತ್ತಾರೆ ಅಂತ ನಾನು ಹೇಳುವುದಿಲ್ಲ. ನನ್ನ ಅಂಗಡಿಗೆ ಬರುವವರಲ್ಲಿ ಎಷ್ಟೋ ತಾಯಂದಿರು ಈ ಮಾತೆತ್ತಲು ಹೆದರಿ, ಬಡ್ಡಿಗೆ ಸಾಲ ತಂದವರೇ. ಕೇಳದೆ ಇದ್ದರೆ ಉತ್ತರ ಸಿಗುವುದಿಲ್ಲ ಅಲ್ವಾ?

ಇಷ್ಟಾದ ಮೇಲೆ ಛತ್ರ ನೋಡಲು ಹೋದೆವು. ಛತ್ರದವರು ತೋರಿಸುವುದು ಮೇಲಿನ ಹಾಲು. ‘ಎಂಟುನೂರು ಕುರ್ಚಿ ಹಿಡಿಯುತ್ತೆ’ ಅನ್ನುತ್ತಾರೆ. ಕೇಳಬೇಕಾದದ್ದು ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ ಅಂತ. ಒಂದು ಪಂಕ್ತಿ ಕೂತು, ಉಂಡು, ಎದ್ದು, ಟೇಬಲ್ ಒರೆಸಿ ಮತ್ತೆ ಎಲೆ ಹಾಕುವ ಹೊತ್ತಿಗೆ ಮುಕ್ಕಾಲು ಗಂಟೆ. 750 ಜನಕ್ಕೆ 250 ಎಲೆಯ ಹಾಲಾದರೆ ಮೂರು ಪಂಕ್ತಿಯಲ್ಲಿ ಮುಗಿಯುತ್ತದೆ. 120 ಎಲೆಯದಾದರೆ ಆರೇಳು ಪಂಕ್ತಿ. ಕೊನೆಯವರು ಉಣ್ಣುವಾಗ ಸಂಜೆ ಕಾಫಿ ಹೊತ್ತು. ಉಣ್ಣುತ್ತಿರುವವರ ಬೆನ್ನ ಹಿಂದೆ ಸೀಟು ಹಿಡಿದು ನಿಲ್ಲುವವರನ್ನು ನೀವೂ ನೋಡಿರುತ್ತೀರಿ. ಜನಕ್ಕೆ ಶಿಸ್ತಿಲ್ಲ ಅಂತ ಬೈಯುತ್ತೇವೆ. ತಪ್ಪು ಹಾಲಿನದು.

ಈಗ ನನ್ನ ದೂರು. ಒಂದು ಛತ್ರ ಎಲ್ಲ ರೀತಿಯಲ್ಲೂ ಒಪ್ಪಿಗೆಯಾಯಿತು. ಬಾಡಿಗೆ ಹೇಳಿದರು, ಅಡ್ವಾನ್ಸ್ ಕೊಟ್ಟೆವು. ರಸೀದಿ ಕೇಳಿದರೆ ವಿಸಿಟಿಂಗ್ ಕಾರ್ಡಿನ ಹಿಂದೆ ತಾರೀಖು, ಮೊತ್ತ ಗೀಚಿ ಕೊಟ್ಟರು. ಸಹಿ ಕೂಡ ಇಲ್ಲ. ಬಿಲ್ ಕೊಡಿ ಅಂದರೆ ‘ಬಿಲ್ಲಾದರೆ ಶೇ 18 ಜಿಎಸ್‌ಟಿ ಸೇರುತ್ತೆ ಅಮ್ಮಾ, ನಿಮಗ್ಯಾಕೆ ಸುಮ್ನೆ?’ ಆಮೇಲೆ ಒಂದೊಂದಾಗಿ ಹೊರಬಿತ್ತು. ಕರೆಂಟು ಮೀಟರ್ ಲೆಕ್ಕ. ಜನರೇಟರ್‌ಗೆ ಡೀಸೆಲ್ ನಮ್ಮದು. ಪಾತ್ರೆಗೆ ಬೇರೆ, ಕಸ ತೆಗೆಯಲು ಬೇರೆ. ಹೂವಿನ ಅಲಂಕಾರ ಅವರು ಹೇಳಿದವರದೇ, ಹೊರಗಿನವರನ್ನು ಕರೆದರೆ ಅದಕ್ಕೂ ದುಡ್ಡು. ದಿನ ಮುಂದೆ ಹೋದರೆ ಅಡ್ವಾನ್ಸ್ ವಾಪಸ್ ಇಲ್ಲ. ಯಾವ ಮನೆಯಲ್ಲಿ ಯಾವಾಗ ಸೂತಕ ಬರುತ್ತದೆ ಅಂತ ಯಾರು ಹೇಳಬಲ್ಲರು? ಇದನ್ನೆಲ್ಲ ಮೊದಲೇ ಹೇಳಿದ್ದರೆ ಬೇಡ ಅನ್ನುತ್ತಿರಲಿಲ್ಲವೇನೋ. ದುಡ್ಡು ಕೈಗೆ ಬಿದ್ದ ಮೇಲೆ ಹೇಳುವುದು ಯಾವ ನ್ಯಾಯ?

ಆ ಛತ್ರದ ಹೆಸರು ಬರೆಯುವುದಿಲ್ಲ. ಇದು ಒಬ್ಬರ ಕತೆಯಲ್ಲ. ನನ್ನ ಬೇಡಿಕೆ ಇಷ್ಟೇ: ಹೋಟೆಲಿನಲ್ಲಿ ದರಪಟ್ಟಿ ತೂಗುಹಾಕುವ ಹಾಗೆ ಪ್ರತಿ ಛತ್ರದ ಬಾಗಿಲಲ್ಲೂ ಒಂದು ಬೋರ್ಡು ಇರಲಿ. ಬಾಡಿಗೆ ಎಷ್ಟು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಅದರಲ್ಲಿ ಏನೇನು ಸೇರಿದೆ, ದಿನ ಬದಲಾದರೆ ಎಷ್ಟು ವಾಪಸ್, ಪಂಕ್ತಿಗೆ ಎಷ್ಟು ಎಲೆ. ಲೈಸೆನ್ಸ್ ಕೊಡುವ ನಗರಸಭೆಯವರು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸ ಏನಲ್ಲ.

ನಿಮ್ಮ ಪುರವಣಿ ಬಿಟ್ಟ ಇನ್ನೆರಡು ವಿಷಯ ಬೇಗ ಹೇಳುತ್ತೇನೆ. ಪತ್ರಿಕೆಗೆ ಹೆಸರು ಕೊಡುವಾಗ ಇಬ್ಬರ ಆಧಾರ್ ಕಾರ್ಡು, ಅಂಕಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ. ಮದುವೆ ನೋಂದಣಿಗೆ ಈಗ ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ಆನ್‌ಲೈನ್ ಅರ್ಜಿ ಹಾಕಬಹುದು, ಅಲ್ಲಿ ಮದುವೆ ಪತ್ರಿಕೆಯನ್ನೂ ಕೇಳುತ್ತಾರೆ. ‘ಚಿ|| ರಾ||’ ಅಂತ ಹಾಕಿ ಮುಂದೆ ಮನೆಯಲ್ಲಿ ಕರೆಯುವ ಹೆಸರು ಅಚ್ಚು ಹಾಕಿಸಿದರೆ ಆಮೇಲೆ ಅಲೆದಾಟ. ಇನ್ನೊಂದು, ಉಡುಗೊರೆ ಪಟ್ಟಿ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ಬಂದ ನಿಯಮದ ಪ್ರಕಾರ ಹುಡುಗ ಹುಡುಗಿಗೆ ಬಂದ ಉಡುಗೊರೆಗಳನ್ನು ಬರೆದು, ಯಾರು ಕೊಟ್ಟರು, ಬೆಲೆ ಎಷ್ಟು ಅಂತ ನಮೂದಿಸಿ ಸಹಿ ಮಾಡಿ ಇಟ್ಟುಕೊಳ್ಳಬೇಕು. ನನ್ನ ಹತ್ತಿರ ಬ್ಲೌಸ್ ಹೊಲಿಸುವ ವಕೀಲರೊಬ್ಬರು ಹೇಳುವವರೆಗೆ ನನಗೂ ಗೊತ್ತಿರಲಿಲ್ಲ. ಮುಯ್ಯಿ ಬರೆಯುವ ನಮಗೆ ಇದೇನು ಹೊಸ ಅಭ್ಯಾಸವಲ್ಲ, ಒಂದು ಪುಟ ಜಾಸ್ತಿ ಅಷ್ಟೇ.

ನನ್ನ ಕಸುಬಿನ ಮಾತೊಂದು ಹೇಳದಿದ್ದರೆ ತಪ್ಪಾಗುತ್ತದೆ. ಧಾರೆ ಸೀರೆಯನ್ನು ಮದುವೆಗೆ ಎಂಟು ದಿನ ಇರುವಾಗ ತಂದು ಕೊಡಬೇಡಿ. ಬ್ಲೌಸ್ ಬಟ್ಟೆ ಸೀರೆಯ ತುದಿಯಲ್ಲೇ ಇರುತ್ತದೆ. ಅದನ್ನು ಕತ್ತರಿಸಿ, ಆರಿ ವರ್ಕ್ ಕಸೂತಿಗೆ ಕಳಿಸಿ, ವಾಪಸ್ ಬಂದ ಮೇಲೆ ಹೊಲಿಯಬೇಕು. ಈ ಕಡೆ ಸೀರೆಗೆ ಫಾಲ್ಸ್, ಕುಚ್ಚು. ಕುಚ್ಚು ಕಟ್ಟುವವರು ಮನೆಗೆಲಸ ಮುಗಿಸಿ ರಾತ್ರಿ ಕಟ್ಟುವ ಹೆಂಗಸರು, ಅವರ ಕಣ್ಣಿಗೂ ಬಿಡುವು ಬೇಕು. ನಿಶ್ಚಿತಾರ್ಥದ ದಿನದ ಅಳತೆಗೆ ಹೊಲಿದರೆ ಮದುವೆಗೆ ಸಡಿಲ ಆಗುವುದೇ ಜಾಸ್ತಿ. ಓಡಾಟಕ್ಕೋ, ನಿದ್ದೆಗೆಟ್ಟೋ, ಡಯಟ್ಟೋ, ಹುಡುಗಿಯರು ಇಳಿದುಹೋಗಿರುತ್ತಾರೆ. ಅದಕ್ಕೇ ನಾನು ಎರಡೂ ಪಕ್ಕೆಯಲ್ಲಿ ಒಳಗೆ ಬಟ್ಟೆ ಬಿಟ್ಟು, ಉದ್ದ ಹೊಲಿಗೆ ಹಾಕಿ ಇಟ್ಟಿರುತ್ತೇನೆ. ಹದಿನೈದು ದಿನ ಮೊದಲು ಒಂದು ಸಲ ಹಾಕಿಸಿ ನೋಡಿ, ಆಮೇಲೆ ಗಟ್ಟಿ ಹೊಲಿಗೆ. ಮಗಳಿಗೂ ಅದೇ ನಿಯಮ, ರಿಯಾಯಿತಿ ಇಲ್ಲ.

2020ರಲ್ಲಿ ಕೊರೊನಾ ಹೊತ್ತಿಗೆ ಮದುವೆಗೆ ಐವತ್ತೇ ಜನ ಅಂತ ಸರ್ಕಾರ ಮಿತಿ ಹಾಕಿತ್ತು. ಆಗ ಯಾರನ್ನು ಬಿಡುವುದು ಅಂತ ಒಂದೊಂದು ಹೆಸರನ್ನೂ ಬರೆದು ಹೊಡೆದು ಕೂತಿದ್ದೆವು. ಮಿತಿ ಹೋದದ್ದೇ ಆ ಅಭ್ಯಾಸವೂ ಹೋಯಿತು. ಈಗ ಮತ್ತೆ ‘ಒಂದು ಸಾವಿರ ಹಾಕಿ’ ಅನ್ನುವ ಬಾಯಿಲೆಕ್ಕ. ನಮ್ಮ ಅಡುಗೆಯವರು ಹೇಳುವ ಪ್ರಕಾರ, ಬಾಯಿಲೆಕ್ಕದ ಮದುವೆಗಳಲ್ಲೇ ಅನ್ನ ಸಾರು ಹಂಡೆಗಟ್ಟಲೆ ಉಳಿಯುವುದು.

ಮುಂದಿನ ಸಲ ಮದುವೆ ಪುರವಣಿ ಮಾಡುವಾಗ ಫೋಟೊ ಒಂದು ಕಡಿಮೆ ಮಾಡಿ, ಛತ್ರದವರಿಂದ ಸಹಿ ಹಾಕಿಸಿಕೊಳ್ಳಲು ಒಂದು ಒಪ್ಪಂದದ ನಮೂನೆ ಅಚ್ಚು ಹಾಕಿ. ಯಾರಾದರೂ ವಕೀಲರ ಕೈಯಲ್ಲಿ ಬರೆಸಿದರೆ ಅರ್ಧ ಪುಟ ಸಾಕು. ಕತ್ತರಿಸಿ ಕೊಂಡೊಯ್ಯುವ ಹಾಗಿರಲಿ. ನಮ್ಮ ಅಂಗಡಿಯ ಗೋಡೆಗೂ ಒಂದು ಅಂಟಿಸುತ್ತೇನೆ, ಅಳತೆ ಕೊಡಲು ಬಂದವರು ಓದಿಕೊಳ್ಳಲಿ.

ಇಂತಿ,
ಬ್ಲೌಸ್ ಹೊಲಿಯುವ ಓದುಗಿ,
ತಿಪಟೂರು