ರಿಪೀಟರ್ ಸರಿಯಿಲ್ಲದಿದ್ದರೆ ಗಡಿಕಲ್ಲೂ ತಪ್ಪೀತು

ಮಾನ್ಯರೇ,

ರಾಜಕಾಲುವೆ, ಕೆರೆಯಂಗಳಗಳ ಸರ್ವೆ ಅರ್ಧಕ್ಕೆ ನಿಂತಾಗಲೆಲ್ಲ ‘ಜಿಪಿಎಸ್ ಸಿಗ್ನಲ್ ಸಿಗುತ್ತಿಲ್ಲ’ ಎಂಬ ಸಬೂಬು ಕೇಳಿಬರುತ್ತದೆ. ಎಷ್ಟೋ ಸಲ ಉಪಗ್ರಹಗಳ ಸಿಗ್ನಲ್ ಚೆನ್ನಾಗಿಯೇ ಬರುತ್ತಿರುತ್ತದೆ. ಕೈಕೊಟ್ಟಿರುವುದು ಬೇಸ್‌ನಿಂದ (ಒಂದೆಡೆ ನಿಲ್ಲಿಸಿದ ರಿಸೀವರ್) ರೋವರ್‌ಗೆ (ಬಿಂದುಗಳನ್ನು ಅಳೆಯುತ್ತ ಒಯ್ಯುವ ರಿಸೀವರ್) ಜಿಪಿಎಸ್ ಅಳತೆಯ ತಿದ್ದುಪಡಿಯ ಮಾಹಿತಿ ಒಯ್ಯುವ ರೇಡಿಯೊ, ಅದರಲ್ಲೂ ಆ ಮಾಹಿತಿಯನ್ನು ಮುಂದಕ್ಕೆ ದಾಟಿಸಲು ನಡುವೆ ನಿಲ್ಲಿಸಿದ ಮರುಪ್ರಸಾರದ ರೇಡಿಯೊ, ಅಂದರೆ ರಿಪೀಟರ್.

ಬೆಂಗಳೂರಿನಲ್ಲಿ ರಿಪೀಟರ್ ಬೇಕೇಬೇಕಾಗುವ ಜಾಗಗಳು ಹಲವು. ನಗರದ ನಡುವೆ ಉತ್ತರದಿಂದ ದಕ್ಷಿಣಕ್ಕೆ ದಿಣ್ಣೆಯೊಂದು ಹಾದುಹೋಗಿದೆ. ಪಶ್ಚಿಮದ ನೀರು ವೃಷಭಾವತಿಗೆ ಇಳಿದರೆ, ಪೂರ್ವದ್ದು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳತ್ತ ಹರಿಯುತ್ತದೆ. ರಾಜಕಾಲುವೆಗಳು ಈ ಕಣಿವೆಗಳ ತಗ್ಗಿನಲ್ಲೇ ಇವೆ, ಸುತ್ತ ಕಟ್ಟಡಗಳು. 450 ಮೆಗಾಹರ್ಟ್ಸ್ ಆಸುಪಾಸಿನ ಅಲೆ ದಿಣ್ಣೆ ದಾಟಿ ತಗ್ಗಿಗೆ ಇಳಿಯುವುದು ಕಷ್ಟ. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಬೇಸ್ ರೇಡಿಯೊವನ್ನು 35 ವ್ಯಾಟ್‌ಗೆ ಏರಿಸುವುದು. ಶಕ್ತಿ ಇಮ್ಮಡಿಯಾದರೂ ಸಿಗುವುದು 3 ಡೆಸಿಬೆಲ್ ಮಾತ್ರ. ಆಂಟೆನಾವನ್ನು 2 ಮೀಟರ್‌ನ ಕಂಬದಿಂದ ಮಹಡಿಯ ಮೇಲಕ್ಕೆ ಒಯ್ದರೆ ಅದಕ್ಕಿಂತ ಹೆಚ್ಚು ಲಾಭ.

ಇದಕ್ಕಿಂತ ದೊಡ್ಡ ತಪ್ಪು ಸಮಯದ ಲೆಕ್ಕದಲ್ಲಿ ಆಗುತ್ತದೆ. ಈ ರಿಪೀಟರ್‌ಗಳು ಬೇಸ್‌ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಅದೇ ಫ್ರೀಕ್ವೆನ್ಸಿಯಲ್ಲಿ ಮತ್ತೆ ಹೇಳುತ್ತವೆ. ಆ ಹೊತ್ತಿನಲ್ಲಿ ಬೇಸ್ ಸುಮ್ಮನಿರಬೇಕು. ಆದ್ದರಿಂದ ‘ಒಂದು ರಿಪೀಟರ್ ಇದೆ’ ಎಂಬ ಸೆಟ್ಟಿಂಗ್ ಇರುವ ರೇಡಿಯೊಗಳಲ್ಲಿ ಅದನ್ನು ಬೇಸ್‌ನಲ್ಲೂ ಕೊಡಬೇಕು. ಬರೀ ರಿಪೀಟರ್‌ನಲ್ಲಿ ಕೊಟ್ಟರೆ ಸಾಲದು. ಎರಡು ರಿಪೀಟರ್ ಇಟ್ಟರೆ ಒಂದಕ್ಕೆ 1, ಇನ್ನೊಂದಕ್ಕೆ 2 ಎಂದು ಸರದಿ ಗೊತ್ತುಮಾಡಬೇಕು. ಇಲ್ಲದಿದ್ದರೆ ಎರಡೂ ಒಟ್ಟಿಗೆ ಮಾತಾಡಿ ರೋವರ್‌ಗೆ ಯಾವುದೂ ಕೇಳಿಸುವುದಿಲ್ಲ.

ಅಷ್ಟು ಸಮಯ ಇದೆಯೇ ಎಂದೂ ನೋಡಬೇಕು. ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈಡೂ ನಾಲ್ಕರಲ್ಲೂ ಹತ್ತತ್ತು ಉಪಗ್ರಹ, ಎರಡೆರಡು ಸಿಗ್ನಲ್ ಎಂದಿಟ್ಟುಕೊಂಡರೆ ತಿದ್ದುಪಡಿ ಕಳುಹಿಸುವ ಪ್ರಮಾಣಿತ ರೂಪವಾದ ಆರ್‌ಟಿಸಿಎಂನ ಎಂಎಸ್‌ಎಂ4 ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 700 ಬೈಟ್, ಅಂದರೆ 5,600 ಬಿಟ್. ಗಾಳಿಯಲ್ಲಿ ಸೆಕೆಂಡಿಗೆ 9600 ಬಿಟ್‌ನ ವೇಗವಿದ್ದರೆ ಬೇಸ್ ಹೇಳಲು 0.58 ಸೆಕೆಂಡು, ರಿಪೀಟರ್ ಮರುಹೇಳಲು ಇನ್ನೊಂದು 0.58. ಒಟ್ಟು ಒಂದು ಸೆಕೆಂಡು ಮೀರಿತು! ಬೇಸ್ ಪಕ್ಕದಲ್ಲಿ ರೋವರ್ ಚೆನ್ನಾಗಿಯೇ ಫಿಕ್ಸ್ ಆಗುತ್ತದೆ, ಅಂದರೆ ಸೆಂಟಿಮೀಟರ್ ಮಟ್ಟದ ಅಳತೆ ಕೊಡುತ್ತದೆ. ರಿಪೀಟರ್ ಕಡೆ ಹೋದಂತೆ ತಿದ್ದುಪಡಿಯ ವಯಸ್ಸು, ಅಂದರೆ ಅದು ಎಷ್ಟು ಹಳೆಯದು ಎಂಬುದು, 1, 2ರಿಂದ 6, 8 ಸೆಕೆಂಡಿಗೆ ಜಿಗಿದು, ರೋವರ್ ಅಷ್ಟು ನಿಖರವಲ್ಲದ ಫ್ಲೋಟ್ ಸ್ಥಿತಿಗೆ ಬೀಳಬಹುದು. ರಿಪೀಟರ್ ಆರಿಸಿ ಬೇಸ್ ಪಕ್ಕದಲ್ಲಿ ಒಮ್ಮೆ, ಹಚ್ಚಿ ಮತ್ತೊಮ್ಮೆ ಈ ವಯಸ್ಸು ನೋಡಿದರೆ ಗುಟ್ಟು ಹತ್ತು ನಿಮಿಷದಲ್ಲಿ ಬಯಲಾಗುತ್ತದೆ. ಪರಿಹಾರಕ್ಕೆ ಬೇಸ್‌ನಲ್ಲಿ ಒಂದೆರಡು ಉಪಗ್ರಹ ವ್ಯೂಹಗಳನ್ನು ಕೈಬಿಡಬಹುದು, ತಿದ್ದುಪಡಿಯನ್ನು ಎರಡು ಸೆಕೆಂಡಿಗೊಮ್ಮೆ ಕಳುಹಿಸಬಹುದು. 25 ಕಿಲೋಹರ್ಟ್ಸ್ ಚಾನೆಲ್‌ಗೆ ಪರವಾನಗಿ ಇದ್ದರೆ ವೇಗವನ್ನು 19200ಕ್ಕೆ ಏರಿಸಬಹುದು. ದೂರ ಸ್ವಲ್ಪ ಕುಗ್ಗುತ್ತದೆ. ಪ್ರೊಟೊಕಾಲ್, ಚಾನೆಲ್ ಅಗಲ, ಎಫ್‌ಇಸಿ (ದಾರಿಯಲ್ಲಾದ ದೋಷ ತಿದ್ದುವ ಸಂಕೇತ) ಈ ಮೂರೂ ಬೇಸ್, ರಿಪೀಟರ್, ರೋವರ್ ಮೂರರಲ್ಲೂ ಒಂದೇ ಇರಬೇಕು.

ವಿದ್ಯುತ್ತಿನ ವಿಷಯವೂ ಹೀಗೆಯೇ. 35 ವ್ಯಾಟ್ ರೇಡಿಯೊ ಪ್ರಸಾರದ ಹೊತ್ತಿಗೆ ಸುಮಾರು 8 ಆಂಪಿಯರ್ ಎಳೆಯುತ್ತದೆ. 0.75 ಚದರ ಮಿಲಿಮೀಟರ್‌ನ ತೆಳು ವೈರು 3 ಮೀಟರ್ ಇದ್ದರೆ, ಹೋಗಿಬರುವ ದಾರಿಯಲ್ಲೇ 1.1 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ 12.3 ತೋರಿಸುತ್ತಿದ್ದರೂ ರೇಡಿಯೊ ಮಾತಾಡಲು ಹೊರಟ ಕ್ಷಣ ರೀಸ್ಟಾರ್ಟ್ ಆಗುವುದು ಇದರಿಂದಲೇ. ಮಲ್ಟಿಮೀಟರನ್ನು ರೇಡಿಯೊ ತುದಿಯಲ್ಲಿ, ಪ್ರಸಾರ ನಡೆಯುವಾಗ ಹಿಡಿಯಬೇಕು. ವೈರು 2.5 ಚದರ ಮಿಲಿಮೀಟರ್‌ನದ್ದಾದರೆ ನಷ್ಟ ಮೂರನೇ ಒಂದಕ್ಕಿಳಿಯುತ್ತದೆ. ಆಂಟೆನಾಕ್ಕೆ 10 ಮೀಟರ್ ಆರ್‌ಜಿ-58 ಕೇಬಲ್ ಹಾಕಿದರೆ ಅರ್ಧಕ್ಕೂ ಹೆಚ್ಚು ಶಕ್ತಿ ಕೇಬಲ್‌ನಲ್ಲೇ ಮುಗಿಯುತ್ತದೆ. ಮಳೆಗಾಲದಲ್ಲಿ ಕನೆಕ್ಟರ್‌ಗೆ ನೀರು ಇಳಿದರೂ ಅದೇ ಗತಿ. ಆಂಟೆನಾ ಸಿಕ್ಕಿಸದೆ ಮಾತ್ರ ಯಾವತ್ತೂ ರೇಡಿಯೊ ಆನ್ ಮಾಡಬಾರದು, ಪವರ್ ಆಂಪ್ಲಿಫೈಯರ್ ಸುಟ್ಟೀತು. ರೇಡಿಯೊ ಆಂಟೆನಾವನ್ನು ಬೇಸ್ ರಿಸೀವರ್‌ನಿಂದ ಕೆಲವು ಮೀಟರ್ ದೂರವಿಡುವುದೂ ಮುಖ್ಯ. ರೇಡಿಯೊದ ಶಕ್ತಿ ಅದರ ಫ್ರೀಕ್ವೆನ್ಸಿಯ ಮೂರು ಪಟ್ಟಿನಲ್ಲೂ ಅಲ್ಪಸ್ವಲ್ಪ ಸೋರಿ ರಿಸೀವರ್‌ಗೆ ಅಡ್ಡಿಮಾಡಬಹುದು. 409.2 ಮೆಗಾಹರ್ಟ್ಸ್‌ನ ಮೂರು ಪಟ್ಟು 1227.6, ಅದು ಸರಿಯಾಗಿ ಜಿಪಿಎಸ್‌ನ ಎಲ್2 ಫ್ರೀಕ್ವೆನ್ಸಿ.

ಇಷ್ಟೆಲ್ಲ ಕೆಟ್ಟರೂ ಕೆಲಸ ನಿಲ್ಲುತ್ತದೆ, ಅಷ್ಟೇ. ಕೆಲಸ ನಿಲ್ಲದೆ ತಪ್ಪು ಅಳತೆ ಬರುವ ಒಂದು ಸಂದರ್ಭವಿದೆ, ಓದುಗರು ಆತಂಕಪಡಬೇಕಾದದ್ದು ಅದಕ್ಕೆ. ಹತ್ತಿರದಲ್ಲಿ ಇನ್ನೊಂದು ತಂಡ ಅದೇ ಚಾನೆಲ್‌ನಲ್ಲಿದ್ದರೆ, ಕೇಳಿದ್ದನ್ನೆಲ್ಲ ಮರುಹೇಳುವ ರಿಪೀಟರ್ ಅವರ ಬೇಸ್‌ನ ಮಾತನ್ನೂ ನಮ್ಮ ರೋವರ್‌ಗೆ ದಾಟಿಸುತ್ತದೆ. ಆ ಬೇಸ್‌ಗೆ ಅಂದಾಜಿನ ನಿರ್ದೇಶಾಂಕ ಕೊಟ್ಟಿದ್ದರೆ ಪರದೆಯಲ್ಲಿ ಫಿಕ್ಸ್ ಎಂದೇ ಇರುತ್ತದೆ, ಬಿಂದುಗಳು ಮಾತ್ರ ಮೀಟರ್‌ಗಟ್ಟಲೆ ಸರಿದಿರುತ್ತವೆ. ಆ ಬಿಂದುವಿಗೆ ನೆಟ್ಟ ಗಡಿಕಲ್ಲು ಒತ್ತುವರಿಯನ್ನು ಕಾಲುವೆಯಿಂದ ಹೊರಗಿಡಬಹುದು, ಅಮಾಯಕರ ಮನೆಯನ್ನು ಒಳಗೆ ಸೇರಿಸಲೂಬಹುದು. ಆರ್‌ಟಿಸಿಎಂನಲ್ಲಿ ಬೇಸ್ ಗುರುತಿನ ಸಂಖ್ಯೆಗೆ 0ರಿಂದ 4095ರವರೆಗೆ ಅವಕಾಶವಿದೆ. 0 ಅಥವಾ 1 ಎಂದು ಹಾಗೇ ಬಿಡದೆ ಬೇರೆ ಸಂಖ್ಯೆ ಕೊಟ್ಟು, ರೋವರ್ ಆ ಬೇಸ್ ಬಿಟ್ಟು ಬೇರೆಯದನ್ನು ಒಪ್ಪದಂತೆ ಕಟ್ಟಿಹಾಕಬೇಕು.

ಸರ್ವೆಯ ಟೆಂಡರ್ ಬರೆಯುವ ಇಲಾಖೆಗಳು ದಯವಿಟ್ಟು ಗಮನಿಸಲಿ. ಪ್ರತಿ ಬಿಂದುವಿನ ಜೊತೆ ಬೇಸ್ ಸಂಖ್ಯೆ, ತಿದ್ದುಪಡಿಯ ವಯಸ್ಸು, ಫಿಕ್ಸ್ ಅಥವಾ ಫ್ಲೋಟ್ ಎಂಬ ವಿವರ ಕಡ್ಡಾಯವಾಗಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಗೊತ್ತಿರುವ ಬಿಂದುವಿನ ಮೇಲೆ ರೋವರ್ ನಿಲ್ಲಿಸಿ ಬಂದ ವ್ಯತ್ಯಾಸವನ್ನೂ ವರದಿಯಲ್ಲಿ ಕೊಡಲಿ. ಫ್ರೀಕ್ವೆನ್ಸಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಪರವಾನಗಿ ಇದೆಯೇ ಎಂದು ಕೆಲಸ ಶುರುವಾಗುವ ಮೊದಲೇ ಕೇಳಲಿ.

– ಕ್ಷೇತ್ರ ಭೂಮಾಪಕರು, ಬೆಂಗಳೂರು