ಸ್ಕ್ರೂ ತಿರುಗಿಸುವ ಮೊದಲು ಗಾಳಿ ಎಲ್ಲಿಂದ ನುಗ್ಗುತ್ತಿದೆ ನೋಡಿ

ಸಂಪಾದಕರಿಗೆ ನಮಸ್ಕಾರ.

ಆಕ್ಸಿಲರೇಟರ್ ಬಿಟ್ಟ ಮೇಲೂ ಬೈಕಿನ ರೇಸ್, ಅಂದರೆ ಎಂಜಿನ್ ತಿರುಗುವ ವೇಗ, ಬೇಗ ಇಳಿಯುವುದಿಲ್ಲ ಎಂದು ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ನಡೆಯುವುದು ಒಂದೇ. ಸ್ಕ್ರೂಡ್ರೈವರ್ ಹಿಡಿದು ಬರುತ್ತಾರೆ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಎಷ್ಟು ವೇಗದಲ್ಲಿ ಓಡಬೇಕೆಂದು ಹೊಂದಿಸುವ ಐಡ್ಲಿಂಗ್ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡುತ್ತಾರೆ. ‘ಆಯ್ತು, ಓಡಿಸಿ ನೋಡಿ’ ಅನ್ನುತ್ತಾರೆ. ಆ ಅರ್ಧ ಸುತ್ತಿನ ಬಗ್ಗೆಯೇ ಈ ಪತ್ರ.

ನಮ್ಮದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಇರುವ 150 ಸಿಸಿ ಹಳೆಯ ಬೈಕ್. 11 ವರ್ಷ ನಾನು ಓಡಿಸಿದೆ, ಈಗ ಮಗಳು ಕಾಲೇಜಿಗೆ ಒಯ್ಯುತ್ತಾಳೆ. ಒಂದು ಸಂಜೆ ಮನೆಗೆ ಬಂದವಳ ಮುಖ ಬಿಳಿಚಿಕೊಂಡಿತ್ತು. ಇಳಿಜಾರಿನ ತಿರುವಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದಾಳೆ. ಆದರೂ ಹಿಂದಿನಿಂದ ಯಾರೋ ತಳ್ಳುತ್ತಿರುವ ಹಾಗೆ ಬೈಕ್ ಮುಂದಕ್ಕೇ ಹೋಗಿದೆ. ಕ್ಲಚ್ ಹಿಡಿದರೂ ಎಂಜಿನ್ ಸದ್ದು ಇಳಿದಿಲ್ಲ. ಬ್ರೇಕ್ ಒತ್ತಿ ಹೇಗೋ ಪಾರಾಗಿ ಬಂದಿದ್ದಳು. ಇಂಥ ಹೊತ್ತಿನಲ್ಲಿ ಕ್ಲಚ್ ಹಿಡಿದು, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಬೇಕು ಎಂದು ನಾನು ಅವಳಿಗೆ ಮೊದಲೇ ಹೇಳಿಕೊಡಬೇಕಿತ್ತು.

ಗ್ಯಾರೇಜಿಗೆ 3 ಸಲ ಹೋದೆವು. ಮೊದಲ ಸಲ ಸ್ಕ್ರೂ ಸಡಿಲ ಮಾಡಿದರು. ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ನಡುರಸ್ತೆಯಲ್ಲಿ ಆಫ್ ಆಯಿತು. ಎರಡನೇ ಸಲ ಅದೇ ಸ್ಕ್ರೂ ಬಿಗಿ ಮಾಡಿದರು, ಹಳೆಯ ತೊಂದರೆ ವಾಪಸ್ ಬಂತು. ಮೂರನೇ ಸಲ ಗಾಳಿ-ಪೆಟ್ರೋಲ್ ಪಾಲು ಹೊಂದಿಸುವ ಏರ್ ಸ್ಕ್ರೂಗೂ ಕೈ ಹಾಕಿದರು. ಅಲ್ಲಿಗೆ ಮೊದಲಿನ ಟ್ಯೂನಿಂಗ್ ಎಲ್ಲಿತ್ತು ಅಂತ ಯಾರಿಗೂ ಗೊತ್ತಿಲ್ಲದ ಹಾಗಾಯಿತು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಸಾಲಾಗಿ ನಿಂತ ಬೈಕುಗಳ ನಡುವೆ ಒಂದಕ್ಕೆ ಅರ್ಧ ಗಂಟೆ ಕೊಡು ಅಂದರೆ ಅವರಿಗೂ ಕಷ್ಟ. ಆದರೆ ಈ ದೋಷ ಹುಡುಕಲು ಅರ್ಧ ಗಂಟೆಯೂ ಬೇಡ ಅನ್ನುವುದು ಆಮೇಲೆ ನನಗೆ ಗೊತ್ತಾಯಿತು.

ಭಾನುವಾರ ನಾನೇ ಬೈಕ್ ಮುಂದೆ ಕುಳಿತೆ. ನ್ಯೂಟ್ರಲ್‌ನಲ್ಲಿ 4000 ಆರ್‌ಪಿಎಂವರೆಗೆ ರೇಸ್ ಕೊಟ್ಟು ಬಿಟ್ಟೆ. 1400ಕ್ಕೆ ಇಳಿಯುವಷ್ಟರಲ್ಲಿ ಆರು ಎಣಿಸಿದ್ದೆ. ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದೆ. ಹಾಗೆ ತಿರುಗಿಸಿದಾಗ ರೇಸ್ ಏರಿದರೆ ಕೇಬಲ್ ಎಲ್ಲೋ ಬಿಗಿಯಾಗುತ್ತಿದೆ ಎಂದರ್ಥ. ಏರಲಿಲ್ಲ. ಆಕ್ಸಿಲರೇಟರಿನಲ್ಲಿ 2-3 ಮಿಲಿಮೀಟರ್ ಆಟವೂ ಇತ್ತು, ಕೈ ಬಿಟ್ಟರೆ ಟಪ್ ಎಂದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅಂದರೆ ಕೇಬಲ್ ಸರಿಯಿದೆ.

ಮತ್ತೆ ರೇಸ್ ಕೊಟ್ಟು ಬಿಟ್ಟೆ. ಅದು ಮೇಲೇ ನಿಂತಿರುವಾಗ ಚೋಕ್ ಸ್ವಲ್ಪ ಎಳೆದೆ. ತಕ್ಷಣ ಇಳಿಯಿತು! ನನಗೆ ಬೇಕಿದ್ದ ಸುಳಿವು ಇದೇ. ಚೋಕ್ ಎಳೆದರೆ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ. ಅದರಿಂದ ಎಂಜಿನ್ ಸರಿಹೋದರೆ ಗಾಳಿ ಹೆಚ್ಚಾಗಿದೆ, ಇಲ್ಲವೇ ಕಾರ್ಬೊರೇಟರಿನ ಸಣ್ಣ ಪೆಟ್ರೋಲ್ ರಂಧ್ರವಾದ ಪೈಲಟ್ ಜೆಟ್ ಕಟ್ಟಿಕೊಂಡು ಪೆಟ್ರೋಲ್ ಕಡಿಮೆಯಾಗಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ತುದಿ ಸುಣ್ಣ ಬಳಿದಷ್ಟು ಬೆಳ್ಳಗಿತ್ತು. ತಿಳಿ ಕಂದು ಇರಬೇಕಾದ ಜಾಗ ಅದು.

ಪ್ಲಗ್ ಹಾಕಿ ಮತ್ತೆ ಸ್ಟಾರ್ಟ್ ಮಾಡಿದೆ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ ತಂದು, ಕಾರ್ಬೊರೇಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಮೇಲೆ ಸ್ವಲ್ಪ ಸ್ವಲ್ಪವೇ ಹೊಡೆದೆ. ಮೇಲ್ಗಡೆ ಏನೂ ಆಗಲಿಲ್ಲ. ತಳಕ್ಕೆ ಹೊಡೆದ ಕೂಡಲೇ ಎಂಜಿನ್ ಒಂದು ಕ್ಷಣ ತಡವರಿಸಿತು. ಮತ್ತೆ ಹೊಡೆದೆ, ಮತ್ತೆ ತಡವರಿಸಿತು. ಕೆಲವರು ಇದಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಬಳಸುತ್ತಾರೆ. ಕಾದ ಸೈಲೆನ್ಸರ್ ಪಕ್ಕದಲ್ಲಿ ಅದಕ್ಕೆ ಬೆಂಕಿ ಹತ್ತಬಹುದು, ದಯವಿಟ್ಟು ಬೇಡ.

ರಬ್ಬರ್ ಬಿಚ್ಚಿ ಕೈಯಲ್ಲಿ ಹಿಡಿದರೆ ಏನೂ ಕಾಣಲಿಲ್ಲ. ಎರಡು ಹೆಬ್ಬೆರಳಿಟ್ಟು ಬಗ್ಗಿಸಿದಾಗ ತಳದಲ್ಲಿ ಸಣ್ಣ ಬಾಯಿಯಂತೆ ಬಿರುಕು ತೆರೆದುಕೊಂಡಿತು. ಬಿಟ್ಟರೆ ಮುಚ್ಚಿಕೊಂಡಿತು. ಅಷ್ಟು ದಿನ ನಮ್ಮನ್ನು ಕಾಡಿದ್ದು ಉಗುರಿನಷ್ಟು ಉದ್ದದ ಆ ಬಿರುಕು.

ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಸಾಕು. ಬಿರುಕಿನಿಂದ ನುಗ್ಗುವ ಗಾಳಿಯ ಲೆಕ್ಕ ಕಾರ್ಬೊರೇಟರಿಗೆ ಸಿಗುವುದಿಲ್ಲ. ಮುಂಬಾಗಿಲು ಹಾಕಿದ್ದೇವೆ, ಹಿತ್ತಲ ಬಾಗಿಲು ತೆರೆದೇ ಇದೆ. ಹೀಗಿರುವಾಗ ಸ್ಕ್ರೂ ತಿರುಗಿಸಿ ಏನು ಪ್ರಯೋಜನ, ಅಲ್ವಾ? ಸುಮ್ನೆ ಹಾಗೇ ಓಡಿಸುತ್ತಾ ಹೋದರೆ ಎಂಜಿನ್ ವಿಪರೀತ ಕಾಯುತ್ತದೆ. ಹಳೆಯ ಟೂ ಸ್ಟ್ರೋಕ್ ಇಟ್ಟುಕೊಂಡಿರುವವರು ಇನ್ನೂ ಹುಷಾರಾಗಿರಬೇಕು. ಅದರಲ್ಲಿ ಹೊರಗಿನ ಗಾಳಿ ಎಂಜಿನ್ ಒಳಗೆ ಬರದಂತೆ ತಡೆಯುವ ಕ್ರ್ಯಾಂಕ್ ಸೀಲ್ ಸವೆದರೂ ಇದೇ ಲಕ್ಷಣ, ತಡ ಮಾಡಿದರೆ ಪಿಸ್ಟನ್ ಜಾಮ್ ಆಗಬಹುದು.

ಕಾರ್ಬೊರೇಟರ್ ಇಲ್ಲದ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಗಾಳಿ ಒಳಬಿಡುವ ಥ್ರಾಟಲ್ ಬಾಡಿಯ ಮಸಿ, ಐಡ್ಲಿಂಗ್ ಗಾಳಿಯ ವಾಲ್ವ್ ಅಂಟಿಕೊಳ್ಳುವುದು, ಇವನ್ನೂ ನೋಡಬೇಕು. ಕೆಲವು ಕಾರುಗಳಲ್ಲಿ ಗೇರ್ ಬದಲಿಸುವಾಗ ರೇಸ್ ನಿಧಾನ ಇಳಿಯುವಂತೆ ಕಂಪನಿಯವರೇ ಮಾಡಿರುತ್ತಾರೆ, ಹೊಗೆಯ ವಿಷ ಕಡಿಮೆಯಾಗಲಿ ಎಂದು. ಹೊಸದರಿಂದಲೂ ಹಾಗೇ ಇದ್ದರೆ ಅದು ದೋಷವಲ್ಲ.

ಮೆಕ್ಯಾನಿಕ್‌ಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಹ್ಯಾಂಡಲ್ ತಿರುಗಿಸಿ, ಚೋಕ್ ಎಳೆದು, ನೀರು ಚಿಮುಕಿಸಿ ನೋಡಿ. ಐದು ನಿಮಿಷದ ಕೆಲಸ. ಸ್ಕ್ರೂ ಮುಟ್ಟಲೇಬೇಕಾದರೆ ಮೊದಲು ಎಷ್ಟು ಸುತ್ತಿನಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿ. ಗಾಡಿ ಕೊಡುವವರು ಕೂಡ ‘ರೇಸ್ ಇಳಿಯಲ್ಲ’ ಎಂದಷ್ಟೇ ಹೇಳಬೇಡಿ. ಎಂಜಿನ್ ತಣ್ಣಗಿದ್ದಾಗಲೋ, ಕಾದ ಮೇಲೋ ಹೇಳಿ. ನಮ್ಮದು ಕಾದ ಮೇಲೆ ಮಾತ್ರ ಹಾಗಾಗುತ್ತಿತ್ತು. ಬೆಳಿಗ್ಗೆ ಚೋಕ್ ಹಾಕಿದಾಗ ದೋಷ ಮುಚ್ಚಿಹೋಗುತ್ತಿತ್ತು. ಇದನ್ನು ನಾನು ಮೊದಲ ದಿನವೇ ಹೇಳಬೇಕಿತ್ತು.

ಸಂಪಾದಕರೇ, ವಾಹನಗಳ ಪುಟದಲ್ಲಿ ಹೊಸ ಮಾದರಿಗಳ ಜೊತೆ ಇಂಥ ವಿಷಯಕ್ಕೂ ಆಗಾಗ ಜಾಗ ಕೊಡಿ. ಹಳೆಯ ಗಾಡಿ ಓಡಿಸುವವರು ಬಹಳ ಜನ ಇದ್ದಾರೆ.

ಹೊಸ ರಬ್ಬರ್ ಹಾಕಿ ಸ್ಕ್ರೂ ಸರಿಮಾಡಿದ ಮೇಲೆ ಎರಡು ಎಣಿಸುವಷ್ಟರಲ್ಲಿ ರೇಸ್ ಇಳಿಯುತ್ತಿದೆ. ಹಳೆಯದನ್ನು ಎಸೆದಿಲ್ಲ. ಮುಂದಿನ ಸರ್ವಿಸ್‌ಗೆ ಹೋಗುವಾಗ ಗ್ಯಾರೇಜಿನ ಹುಡುಗರಿಗೆ ಬಗ್ಗಿಸಿ ತೋರಿಸಲು ತೆಗೆದಿಟ್ಟಿದ್ದೇನೆ.

– ನಿಮ್ಮ ಓದುಗ, ಒಬ್ಬ ಬೈಕ್ ಸವಾರ